ಬೇಸ್ ಪ್ರಶ್ನೆ, ಬೇಸ್ ಉತ್ತರ: ಮಳೆಗಾಲದ ಕಂತು

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ "ಯಾವ ಬೇಸ್ ಗಿಟಾರ್ ತಗೊಳ್ಲಿ" ಅಂತಾನೇ ಇದೆ, ಅವಕ್ಕೆಲ್ಲ ಸೇರಿಸಿ ಕೆಳಗೆ ಒಂದೇ ಉತ್ತರ ಬರ್ದಿದೀನಿ, ಬೇಜಾರಾಗ್ಬೇಡಿ. ನನಗಂತೂ ಕೈಲಿರೋ ಬೇಸ್‌ನ ಸರಿಮಾಡ್ಕೊಳ್ಳೋದು ಹೇಗೆ ಅಂತ ಕೇಳೋರನ್ನ ಕಂಡ್ರೆ ಹೆಚ್ಚು ಖುಷಿ, ಅದಕ್ಕೇ ಅವರಿಗೇ ಮೊದಲ ಜಾಗ.

ಪ್ರಶ್ನೆ (ಪುತ್ತೂರು): ಸರ್, ನಾನು ಚರ್ಚ್ ಕ್ವಯರ್‌ನಲ್ಲಿ ಬೇಸ್ ನುಡಿಸ್ತೇನೆ. ಬೇಸಿಗೆಯಲ್ಲಿ ಚಂದ ಇದ್ದ ಬೇಸ್ ಈಗ ಮಳೆ ಶುರುವಾದ ಮೇಲೆ ಮೊದಲ ಮೂರ್ನಾಲ್ಕು ಫ್ರೆಟ್‌ನಲ್ಲಿ ಜರ್ ಜರ್ ಅಂತ ಉಂಟು. ಅಂಗಡಿಯಲ್ಲಿ ತೋರಿಸಿದ್ರೆ ಫ್ರೆಟ್ ಎಲ್ಲ ಬದಲಿಸ್ಬೇಕು ಅಂತಾರೆ. ನಿಜವಾ?

ಉತ್ತರ: ಮಾರಾಯ್ರೆ, ದುಡ್ಡು ಕೊಡೋದಕ್ಕೆ ಮುಂಚೆ ಐದು ನಿಮಿಷ ನಿಲ್ಲಿ. ಫ್ರೆಟ್ ಅಂದ್ರೆ ನೆಕ್ (ಎಡಗೈಲಿ ಹಿಡಿಯೋ ಉದ್ದನೆ ಮರ) ಮೇಲೆ ಅಡ್ಡಡ್ಡ ಕೂರಿಸಿರೋ ಲೋಹದ ಪಟ್ಟಿಗಳು, ಒಂದು ಬೇಸಿಗೆ ಕಳೆದು ಮಳೆ ಬರೋ ಅಷ್ಟರಲ್ಲಿ ಅವೆಲ್ಲ ಸವೆದು ಹೋಗಲ್ಲ, ಮರ ಬಗ್ಗಿರುತ್ತೆ ಅಷ್ಟೇ. ನಾಲ್ಕು ತಂತಿ ಸೇರಿ ನೆಕ್‌ನ ಒಂದು ಕಡೆಗೆ ಹೆಚ್ಚುಕಮ್ಮಿ 70-80 ಕೆಜಿ ಬಲದಲ್ಲಿ ಎಳೀತಾ ಇರುತ್ತೆ, ಅದಕ್ಕೆ ಎದುರಾಗಿ ನೆಕ್ ಒಳಗಡೆ ಟ್ರಸ್ ರಾಡ್ ಅಂತ ಒಂದು ಕಬ್ಬಿಣದ ಸರಳು ಹಿಡ್ಕೊಂಡಿರುತ್ತೆ. ಕರಾವಳೀಲಿ ಜುಲೈನಲ್ಲಿ ಗಾಳಿ ತೇವ 90 ಪರ್ಸೆಂಟ್ ಹತ್ರ ಹೋಗುತ್ತಲ್ಲ, ಆಗ ಮರ ನೀರು ಕುಡಿದು ಉಬ್ಬುತ್ತೆ, ಈ ಎರಡರ ಲೆಕ್ಕ ತಪ್ಪುತ್ತೆ. ಕೆಲವು ನೆಕ್ ಮುಂದಕ್ಕೆ ಬಗ್ಗುತ್ತೆ, ಕೆಲವು ಹಿಂದಕ್ಕೆ, ಮರದ ಮೇಲೆ ಹೋಗುತ್ತೆ, ಎರಡೂ ನೋಡಿದೀನಿ.

ಪರೀಕ್ಷೆ ಹೀಗೆ ಮಾಡಿ. ತಂತಿ ಪೂರ್ತಿ ಟ್ಯೂನ್ ಮಾಡಿ ಇಟ್ಕೊಂಡು, ಬೇಸ್‌ನ ನುಡಿಸೋ ಥರಾನೇ ಹಿಡ್ಕೊಂಡು, ದಪ್ಪ ಇ ತಂತೀನ ಎಡಗೈಲಿ ಮೊದಲನೇ ಫ್ರೆಟ್‌ನಲ್ಲಿ ಒತ್ತಿ, ಬಲಗೈಲಿ ನೆಕ್ ಬಾಡಿಗೆ ಸೇರೋ ಜಾಗದ ಫ್ರೆಟ್‌ನಲ್ಲಿ ಒತ್ತಿ, ನಡುವೆ ಏಳು ಎಂಟನೇ ಫ್ರೆಟ್ ಹತ್ರ ತಂತಿಗೂ ಫ್ರೆಟ್‌ಗೂ ಎಷ್ಟು ಸಂದಿ ಇದೆ ನೋಡಿ. ಒಂದು ವಿಸಿಟಿಂಗ್ ಕಾರ್ಡ್ ದಪ್ಪ, ಅಂದ್ರೆ ಸುಮಾರು 0.3 ಮಿಲಿಮೀಟರ್, ಅಷ್ಟಿದ್ರೆ ಸರಿ. ಸಂದಿಯೇ ಇಲ್ಲದೆ ತಂತಿ ಫ್ರೆಟ್ ಮೇಲೇ ಮಲಗಿದ್ರೆ ನೆಕ್ ಹಿಂದಕ್ಕೆ ಹೋಗಿದೆ ಅಂತ, ಮೊದಲ ಫ್ರೆಟ್‌ಗಳಲ್ಲೇ ಜರ್ ಅನ್ನೋದೂ ಅದೇ ಕಡೆ ಕೈ ತೋರಿಸುತ್ತೆ, ಹಾಗಾಗಿ ನಿಮ್ಮದೂ ಇದೇ ಅಂತ ನನ್ನ ಅಂದಾಜು. ಆಗ ಟ್ರಸ್ ರಾಡ್‌ನ ಎಡಕ್ಕೆ, ಗಡಿಯಾರದ ಮುಳ್ಳಿಗೆ ಉಲ್ಟಾ, ಕಾಲು ಸುತ್ತು ಸಡಿಲ ಮಾಡಿ. ಕಾಲು ಸುತ್ತು ಅಂದ್ರೆ ಕಾಲೇ. ಮತ್ತೆ ಟ್ಯೂನ್ ಮಾಡಿ, ಒಂದು ರಾತ್ರಿ ಬಿಟ್ಟು ನೋಡಿ. ಬೇಸ್ ಜೊತೆ ಬಂದಿರೋ ಆಲನ್ ಕೀನೇ ಉಪಯೋಗಿಸಿ, ಸೈಕಲ್ ಅಂಗಡಿಯ ಹತ್ತಿರ ಹತ್ತಿರದ ಸೈಜ್ ಹಾಕಿ ನಟ್‌ನ ಮೂಲೆ ಸವೆಸಿದ್ರೆ ಆಮೇಲೆ ನಿಜವಾಗ್ಲೂ ದೊಡ್ಡ ಖರ್ಚು. ರಾಡ್ ತಿರುಗ್ತಾನೇ ಇಲ್ಲ ಅಂದ್ರೆ ಬಲ ಹಾಕ್ಬೇಡಿ, ಅಲ್ಲಿಂದಾಚೆಗೆ ರಿಪೇರಿ ಗೊತ್ತಿರೋರ ಕೆಲಸ.

ಹನ್ನೆರಡನೇ ಫ್ರೆಟ್ ಆಚೆ ಮಾತ್ರ ಜರ್ ಅಂತಿದ್ರೆ ಬೇರೆ ಕಥೆ, ಸಾಮಾನ್ಯವಾಗಿ ಬ್ರಿಜ್‌ನ ಸ್ಯಾಡಲ್ (ತಂತಿ ಕೂರೋ ಪುಟ್ಟ ತುಂಡು) ತಗ್ಗಾಗಿರುತ್ತೆ.

ಇನ್ನೊಂದು, ಹೊರಗೋಡೆಗೆ ಒರಗಿಸಿ ಇಡ್ಬೇಡಿ. ನಿಮ್ಮ ಕಡೆ ಮಳೆಗಾಲದಲ್ಲಿ ಗೋಡೇನೇ ಬೆವರುತ್ತೆ. ಕೇಸ್ ಒಳಗೆ ಸಿಲಿಕಾ ಜೆಲ್ ಪೊಟ್ಟಣ, ನುಡಿಸಿದ ಮೇಲೆ ಒಣ ಬಟ್ಟೇಲಿ ತಂತಿಯ ಮೇಲೂ ಕೆಳಗೂ ಒರೆಸೋದು, ಇಷ್ಟು ಮಾಡಿದ್ರೆ ತುಕ್ಕು ಅರ್ಧ ಕಮ್ಮಿ. ವಾಲ್ಯೂಮ್ ತಿರುಗಿಸಿದ್ರೆ ಕರಕರ ಅಂತಿದ್ಯಾ? ಅದೂ ತೇವದ್ದೇ ಕೆಲಸ, ಎಲೆಕ್ಟ್ರಾನಿಕ್ಸ್ ಅಂಗಡೀಲಿ ಕಾಂಟ್ಯಾಕ್ಟ್ ಕ್ಲೀನರ್ ಸಿಗುತ್ತೆ, ಒಂದು ಪುಸುಕು ಹೊಡೆದು ನಾಬ್‌ನ ಆ ಕಡೆ ಈ ಕಡೆ ತಿರುಗಿಸಿ. ಬಾಗಿಲ ಕೀಲಿಗೆ ಹಾಕೋ ಎಣ್ಣೆ ಹಾಕ್ಬೇಡಿ ದಮ್ಮಯ್ಯ.

ಪ್ರಶ್ನೆ (ನ್ಯೂ ಜೆರ್ಸಿ): ಊರಿಂದ ತಂದ ಬೇಸ್, ಇಲ್ಲಿ ಚಳಿಗಾಲದಲ್ಲಿ ನೆಕ್‌ನ ಅಂಚು ಕೈಗೆ ಗೀರುತ್ತೆ. ಫ್ರೆಟ್ ಬೆಳೀತಾ ಇದ್ಯಾ ಏನು?

ಉತ್ತರ: ಫ್ರೆಟ್ ಬೆಳೆದಿಲ್ಲ ಅಣ್ಣ, ಮರ ಕುಗ್ಗಿದೆ. ಪುತ್ತೂರಿನವರದ್ದಕ್ಕೆ ಪೂರ್ತಿ ಉಲ್ಟಾ ನಿಮ್ಮದು, ಹೀಟರ್ ಹಾಕಿದ ಮನೇಲಿ ಗಾಳಿ ಒಣಗಿ ಮರ ಸಣ್ಣದಾಗುತ್ತೆ, ಲೋಹ ಹಾಗೇ ಇರುತ್ತೆ, ಅದರ ತುದಿ ಹೊರಗೆ ಬರುತ್ತೆ. ಕೇಸ್ ಒಳಗಿಡೋ ಹ್ಯುಮಿಡಿಫೈಯರ್ ಅಲ್ಲಿ ಸುಲಭವಾಗಿ ಸಿಗುತ್ತೆ, ತೇವ 45ರಿಂದ 55 ಪರ್ಸೆಂಟ್ ಒಳಗೆ ಇಟ್ಕೊಳ್ಳಿ. ಒಂದು ಪೂರ್ತಿ ವರ್ಷ ನೋಡಿ ಆಮೇಲೂ ಗೀರಿದ್ರೆ ಮಾತ್ರ ತುದಿ ಉಜ್ಜಿಸಿ.

ಪ್ರಶ್ನೆ (ಬೆಂಗಳೂರು, ಹಾಸನ, ಶಿವಮೊಗ್ಗ, ಇನ್ನೂ ತುಂಬಾ ಊರು): ಬಜೆಟ್ 25 ಸಾವಿರ, ಮೊದಲ ಬೇಸ್. ನಾಲ್ಕು ತಂತಿಯಾ ಐದಾ? ಆಕ್ಟಿವ್ವಾ ಪ್ಯಾಸಿವ್ವಾ? ಯಮಾಹಾನಾ ಐಬನೆಜ್ಜಾ?

ಉತ್ತರ: ನಾಲ್ಕು. ಪ್ಯಾಸಿವ್. ಕೈಗೆ ಕೂತಿದ್ದು.

ಸ್ವಲ್ಪ ಬಿಡಿಸಿ ಹೇಳ್ತೀನಿ ಇಲ್ಲಾಂದ್ರೆ ಮತ್ತೆ ಬರೀತೀರ. ಐದನೇ ತಂತಿ ಅಂದ್ರೆ ಕೆಳಗಿನ ಬಿ, ಅದು ಸುಮಾರು 31 ಹರ್ಟ್ಜ್, ಇ ತಂತಿ 41. ಆ 31ನ್ನ ಸರಿಯಾಗಿ ಹೊರಗೆ ತರೋ ಆಂಪ್ ಆ ಬಜೆಟ್‌ನಲ್ಲಿ ಉಳಿದ ದುಡ್ಡಿಗೆ ಬರಲ್ಲ, ಕಮ್ಮಿ ಬೆಲೆಯ ಐದು ತಂತಿ ಬೇಸ್‌ಗಳಲ್ಲಿ ಆ ಬಿ ತಂತಿ ಲೊಡಲೊಡ ಅಂತ ಅಲ್ಲಾಡೋದೂ ಜಾಸ್ತಿ. ಮುಂದೆ ಆರ್ಕೆಸ್ಟ್ರಾಗೆ ಹೋಗಿ ಹಾಡು ಹಾಡಿಗೂ ಶ್ರುತಿ ಬದಲಾಗೋ ಕೆಲಸ ಸಿಕ್ಕಾಗ ಐದು ತಗೊಳ್ಳಿ, ಆಗ ನಿಜವಾಗ್ಲೂ ಉಪಯೋಗ ಇದೆ.

ಆಕ್ಟಿವ್ ಅಂದ್ರೆ ಒಳಗೆ 9 ವೋಲ್ಟ್ ಬ್ಯಾಟರಿ ಹಾಕೋ ಪ್ರೀಆಂಪ್ ಇರೋದು. ಸೌಂಡ್ ಚೆನ್ನಾಗಿರುತ್ತೆ, ಇಲ್ಲ ಅನ್ನಲ್ಲ. ಆದ್ರೆ ಕೇಬಲ್ ಸಿಕ್ಕಿಸಿದ ತಕ್ಷಣ ಬ್ಯಾಟರಿ ಆನ್ ಆಗುತ್ತೆ ಅನ್ನೋದನ್ನ ತುಂಬಾ ಜನಕ್ಕೆ ಯಾರೂ ಹೇಳಿರಲ್ಲ, ರಾತ್ರಿಯೆಲ್ಲ ಕೇಬಲ್ ಹಾಕಿಟ್ಟು ಮಾರನೇ ದಿನ ಪ್ರೋಗ್ರಾಮ್ ಮಧ್ಯೆ ಸೌಂಡ್ ಹರಿದುಹೋಗೋದು ಹೀಗೇ. ಯಮಾಹಾ ಟಿಆರ್‌ಬಿಎಕ್ಸ್ 174 ಪ್ಯಾಸಿವ್, ಎರಡು ಥರದ ಪಿಕಪ್ ಇದೆ, 24 ಫ್ರೆಟ್. ಐಬನೆಜ್ ಜಿಎಸ್‌ಆರ್ 200 ನೆಕ್ ಸ್ವಲ್ಪ ತೆಳು, ಅದರಲ್ಲಿ ತಗ್ಗಿನ ಸೌಂಡ್ ಏರಿಸೋ ಸಣ್ಣ ಆಕ್ಟಿವ್ ಸರ್ಕ್ಯೂಟ್ ಇರುತ್ತೆ. ಎರಡರಲ್ಲಿ ಯಾವುದು ತಗೊಂಡ್ರೂ ಹಾಳಾಗಲ್ಲ. ಅಂಗಡಿಗೆ ಹೋಗಿ ಕೂತ್ಕೊಂಡು ಅಲ್ಲ, ಸ್ಟ್ರಾಪ್ ಹಾಕಿ ನಿಂತ್ಕೊಂಡು ಕೈ ಬಿಡಿ, ತಲೆ ಕಡೆ ಕೆಳಗೆ ಜಾರಿದ್ರೆ ಅದನ್ನ ಜೀವನಪೂರ್ತಿ ಎಡಗೈಲಿ ಎತ್ತಿ ಹಿಡೀಬೇಕಾಗುತ್ತೆ, ಬಿಟ್ಟುಬಿಡಿ.

ದುಡ್ಡು ಪೂರ್ತಿ ಬೇಸ್‌ಗೇ ಸುರೀಬೇಡಿ. ಸೆಟಪ್ (ನೆಕ್, ತಂತಿ ಎತ್ತರ ಸರಿಮಾಡಿಸೋದು), ಅಗಲದ ಸ್ಟ್ರಾಪ್, ಒಳ್ಳೆ ಕೇಬಲ್, ಟ್ಯೂನರ್, ಇವಕ್ಕೆ ಎತ್ತಿಡಿ. ಅಣ್ಣನದ್ದೋ ಫ್ರೆಂಡ್‌ದ್ದೋ ಗಿಟಾರ್ ಆಂಪ್ ಇದ್ರೆ ಸಣ್ಣ ವಾಲ್ಯೂಮ್‌ನಲ್ಲಿ ಪ್ರಾಕ್ಟೀಸಿಗೆ ಪರವಾಗಿಲ್ಲ, ಜೋರು ಮಾಡಿದ್ರೆ ಅದರ ಸ್ಪೀಕರ್ ಹರಿಯುತ್ತೆ, ಆಮೇಲೆ ಅಣ್ಣ ತಮ್ಮ ಮಾತಾಡಲ್ಲ.

ಪ್ರಶ್ನೆ (ದಾವಣಗೆರೆ): ನಾನು ಆರ್ಕೆಸ್ಟ್ರಾದಲ್ಲಿ ನುಡಿಸ್ತೀನಿ. ಈಗೀಗ ಆರ್ಗನೈಸರ್‌ಗಳು "ಕೀಬೋರ್ಡ್‌ನವ್ರೇ ಎಡಗೈಲಿ ಬೇಸ್ ಹಾಕ್ತಾರೆ, ನೀವು ಯಾಕೆ" ಅಂತಾರೆ. ಇರೋ ಪ್ರೋಗ್ರಾಮಲ್ಲೂ ಕಲ್ಯಾಣ ಮಂಟಪದಲ್ಲಿ ಬರೀ ಗುಂಯ್ ಅನ್ನುತ್ತೆ, ಯಾವ ನೋಟ್ ಅಂತಾನೇ ಗೊತ್ತಾಗಲ್ಲ. ಬಿಟ್ಟುಬಿಡೋಣ ಅನ್ನಿಸ್ತಿದೆ.

ಉತ್ತರ: ಬಿಡ್ಬೇಡಿ ಸ್ವಾಮಿ. ಒಬ್ಬರ ಪೇಮೆಂಟ್ ಉಳಿಸೋಕೆ ಅವರು ಹಾಗಂತಾರೆ, ಅದರಲ್ಲಿ ಸಂಗೀತದ ವಿಷಯ ಏನೂ ಇಲ್ಲ. ಆದ್ರೆ ನೀವು ಹೇಳಿದ ಎರಡನೇ ಸಮಸ್ಯೆ ಇದೆಯಲ್ಲ, ಅದು ಸರಿಹೋಗದೆ ಮೊದಲನೇದು ಸರಿಹೋಗಲ್ಲ, ಯಾಕಂದ್ರೆ ಬರೀ ಗುಂಯ್ ಅಂತ ಕೇಳಿಸಿದ್ರೆ ಆರ್ಗನೈಸರ್‌ಗೂ ನೀವಿದ್ದಿದ್ದು ಇಲ್ಲದ್ದು ಒಂದೇ.

ಕಲ್ಯಾಣ ಮಂಟಪ ಅಂದ್ರೆ ಟೈಲ್ಸ್ ನೆಲ, ಕಾಂಕ್ರೀಟ್ ಗೋಡೆ, ಖಾಲಿ ಜಾಗ. ನಿಮ್ಮ ಇ ತಂತಿಯ ಒಂದು ಅಲೆ ಗಾಳೀಲಿ ಎಂಟು ಮೀಟರ್‌ಗೂ ಉದ್ದ, ಗೋಡೆಗೆ ಬಡಿದು ವಾಪಸ್ ಬಂದು ಮುಂದಿನ ನೋಟ್ ಮೇಲೆ ಕೂತ್ಕೊಳ್ಳುತ್ತೆ. ಇದನ್ನ ವಾಲ್ಯೂಮ್ ಏರಿಸಿ ಗೆಲ್ಲೋಕಾಗಲ್ಲ. ಆಂಪ್‌ನ ಮೂಲೆಯಿಂದ ಈಚೆ ಎಳೀರಿ, ಮೂಲೆ ಅನ್ನೋದು ತಗ್ಗಿನ ಸೌಂಡ್‌ನ ತಾನಾಗೇ ಎರಡು ಪಟ್ಟು ಮಾಡಿಬಿಡುತ್ತೆ. ಆಂಪ್‌ನ ಬೇಸ್ ನಾಬ್ ಇಳಿಸಿ, ಮಿಡ್ (ನಡುಮಟ್ಟದ ಸೌಂಡ್) ಏರಿಸಿ. ಒಬ್ಬರೇ ನುಡಿಸ್ದಾಗ ಮೂಗಲ್ಲಿ ಮಾತಾಡಿದ ಹಾಗೆ ಕೆಟ್ಟದಾಗಿ ಕೇಳ್ಸುತ್ತೆ, ಹೆದರ್ಬೇಡಿ, ಎಲ್ಲರೂ ಸೇರಿದಾಗ ಆ ಮಿಡ್ಡೇ ನೋಟ್ ಯಾವುದು ಅಂತ ಹೇಳೋದು. ಸೌಂಡ್‌ನವರ ಮಿಕ್ಸರ್‌ನಲ್ಲಿ ಹೈ ಪಾಸ್ ಇದ್ರೆ 40-50 ಹರ್ಟ್ಜ್ ಕೆಳಗಿಂದು ಕತ್ತರಿಸೋಕೆ ಹೇಳಿ, ಟೀ ಕೊಡಿಸಿ ಹೇಳಿ, ಬೈದು ಹೇಳಿದ್ರೆ ಕೆಲಸ ಆಗಲ್ಲ. ಎಲ್ಲಕ್ಕಿಂತ ಮುಖ್ಯ, ನೋಟ್ ಶುರುಮಾಡೋದಕ್ಕೆ ಕೊಡೋ ಗಮನ ನಿಲ್ಲಿಸೋದಕ್ಕೂ ಕೊಡಿ. ಎಡಗೈ ಬೆರಳು ಸ್ವಲ್ಪ ಎತ್ತಿ, ತಂತಿ ಬಿಡದೆ, ನೋಟ್‌ನ ಸಾಯಿಸಿ. ರಿದಮ್ ಪ್ಯಾಡ್‌ನವರ ಕಿಕ್ (ದಪ್ಪ ಡ್ರಮ್ಮಿನ ಏಟು) ಜೊತೆ ಶುರು, ಸ್ನೇರ್ (ಚಟ್ ಅನ್ನೋ ಏಟು) ಬೀಳೋ ಹೊತ್ತಿಗೆ ಮೌನ. ಇದನ್ನ ಮಾಡಿದ್ರೆ ಎಂಥ ಮಂಟಪದಲ್ಲೂ ಅರ್ಧ ಗುಂಯ್ ಹೋಗುತ್ತೆ.

ಇನ್ನು ಕೀಬೋರ್ಡ್‌ನವರು. ಅವರ ಜೊತೆ ಜಗಳ ಬೇಡ, ಒಪ್ಪಂದ ಮಾಡ್ಕೊಳ್ಳಿ. ಅವರ ಕೀಬೋರ್ಡ್ ಸ್ಟೈಲ್‌ನಲ್ಲಿ ಬೇಸ್ ಟ್ರ್ಯಾಕ್ ಅಂತ ಬೇರೆಯಾಗೇ ಇರುತ್ತೆ, ಅದನ್ನ ಮ್ಯೂಟ್ ಮಾಡೋಕೆ ಕೇಳಿ, ಎಷ್ಟೋ ಸಲ ಅವರಿಗೇ ಗೊತ್ತಿಲ್ಲದೆ ಅದು ಓಡ್ತಾ ಇರುತ್ತೆ, ನೀವಿಬ್ರೂ ಅದೇ ಜಾಗದಲ್ಲಿ ಗುದ್ದಾಡ್ತಿರ್ತೀರ. ಅವರ ಎಡಗೈ ಕೀಬೋರ್ಡಿನ ನಡುವಿನ ಸಿ ಸುತ್ತಮುತ್ತ ಇರ್ಲಿ, ಕೆಳಗಡೆ ನಿಮ್ಮದು.

ಆಮೇಲೆ ಹಾಡಿನ ಲಿಸ್ಟ್ ಮಾಡುವಾಗ ಒಂದು ಉಪಾಯ. ಇಳಯರಾಜ ಕನ್ನಡಕ್ಕೆ ಮಾಡಿದ ಹಾಡುಗಳನ್ನ ಸೇರಿಸಿ, 1981ರ ಗೀತಾ, 1983ರ ಪಲ್ಲವಿ ಅನುಪಲ್ಲವಿ ಇವೆಲ್ಲ. ಹೆಡ್‌ಫೋನ್ ಹಾಕಿ ಕೇಳಿ, ಬೇಸ್ ಬರೀ ಕಾರ್ಡ್‌ನ ಮೂಲ ಸ್ವರ ಹಿಡ್ಕೊಂಡು ಕೂತಿರಲ್ಲ, ತನ್ನದೇ ಒಂದು ರಾಗ ಹಾಡ್ಕೊಂಡು ಹೋಗುತ್ತೆ. ಬಲಗೈಲಿ ಸ್ಟ್ರಿಂಗ್ಸ್, ಫ್ಲೂಟ್ ಎಲ್ಲ ನೋಡ್ಕೊಳ್ತಾ ಎಡಗೈಲಿ ಅದನ್ನ ನುಡಿಸೋದು ತುಂಬಾ ಕಷ್ಟ. ಜನ ಆ ಹಾಡುಗಳನ್ನ ಎಷ್ಟು ಕೇಳಿದಾರೆ ಅಂದ್ರೆ ಬೇಸ್ ಲೈನ್ ಇಲ್ದಿದ್ರೆ ಏನೋ ಕಮ್ಮಿ ಆಗಿದೆ ಅಂತ ಅವರಿಗೇ ಗೊತ್ತಾಗುತ್ತೆ. ನಿಮ್ಮ ಪೇಮೆಂಟ್ ಬಗ್ಗೆ ಮಾತಾಡೋಕೆ ಅದೇ ಸರಿಯಾದ ಸಮಯ.

ಪ್ರಶ್ನೆ (ಧಾರವಾಡ): ನಮಸ್ಕಾರ್ರಿ. ನನ್ನ ಕೈ ಭಾಳ ಸಣ್ಣ ಅದಾವ್ರಿ, ಮೊದಲನೇ ಫ್ರೆಟ್‌ನಿಂದ ನಾಕನೇದಕ್ಕ ಬೆರಳ ಮುಟ್ಟಂಗಿಲ್ಲ. ಅರ್ಧಾ ತಾಸು ನುಡಿಸಿದ್ರ ಮಣಿಕಟ್ಟು ನೋಯ್ತದ. ಹೆಣ್ಣಮಕ್ಕಳಿಗೆ ಬೇಸ್ ಆಗಂಗಿಲ್ಲ ಅಂತ ಬ್ಯಾಂಡಿನ ಹುಡುಗ್ರು ಅಂತಾರ. ಖರೇ ಏನ್ರಿ?

ಉತ್ತರ: ಆ ಹುಡುಗರಿಗೆ ಕ್ಯಾರಲ್ ಕೇ ಅನ್ನೋ ಹೆಸರು ಹೇಳಿ. 1960ರ ದಶಕದಲ್ಲಿ ಲಾಸ್ ಏಂಜಲೀಸ್ ಸ್ಟುಡಿಯೋಗಳಲ್ಲಿ ಅತಿ ಹೆಚ್ಚು ಬೇಡಿಕೆ ಇದ್ದ ಬೇಸಿಸ್ಟ್‌ಗಳಲ್ಲಿ ಅವರೊಬ್ಬರು, ಅದೂ ಪೂರ್ತಿ ಉದ್ದದ ಫೆಂಡರ್ ಪ್ರಿಸಿಶನ್ ಬೇಸ್ ಹಿಡ್ಕೊಂಡು. ಅಷ್ಟು ದೂರ ಯಾಕೆ, ನಮ್ಮ ಮುಂಬೈನ ಮೋಹಿನಿ ಡೇ ಇದಾರೆ, ಅಪ್ಪನ ಹತ್ರ ಕಲಿತು ಎ.ಆರ್. ರೆಹಮಾನ್ ಜೊತೆ ನುಡಿಸಿದೋರು, ಅವರ ವೇಗ ನೋಡಿ ಆ ಹುಡುಗರು ಆಮೇಲೆ ಮಾತಾಡ್ಲಿ.

ಈಗ ಕೈ ವಿಷಯ ಮೇಡಂ. ಸಾಮಾನ್ಯ ಬೇಸ್‌ನ ಸ್ಕೇಲ್, ಅಂದ್ರೆ ತಂತಿ ನುಡಿಯೋ ಭಾಗದ ಉದ್ದ, 34 ಇಂಚು. ಅದರಲ್ಲಿ ಮೊದಲನೇ ಫ್ರೆಟ್‌ನಿಂದ ನಾಲ್ಕನೇದಕ್ಕೆ ಸುಮಾರು 13 ಸೆಂಟಿಮೀಟರ್ ದೂರ. ಇದನ್ನ ನಾಲ್ಕು ಬೆರಳು ಹರಡಿ ಹಿಡೀಬೇಕು ಅಂತ ಯಾರೋ ಹೇಳ್ಕೊಟ್ಟಿರ್ತಾರೆ, ಗಿಟಾರ್‌ನಿಂದ ಬಂದ ಅಭ್ಯಾಸ ಅದು. ಡಬಲ್ ಬೇಸ್‌ನವರು ತುಂಬಾ ಹಿಂದಿನಿಂದ್ಲೂ ಬೇರೆ ಥರ ಹಿಡೀತಾರೆ: ತೋರುಬೆರಳು, ನಡುಬೆರಳು, ಆಮೇಲೆ ಉಂಗುರದ ಬೆರಳು ಕಿರುಬೆರಳು ಎರಡೂ ಸೇರಿ ಒಂದು. ಮೂರು ಫ್ರೆಟ್ ಅಷ್ಟೇ, ನಾಲ್ಕನೇದು ಬೇಕಾದ್ರೆ ಕೈಯನ್ನೇ ಸರಿಸೋದು. ಕೆಳಗಿನ ಫ್ರೆಟ್‌ಗಳಲ್ಲಿ ಇದನ್ನೇ ಮಾಡಿ. ಇನ್ನೊಂದು, ಪ್ರಾಕ್ಟೀಸ್‌ನ ಐದನೇ ಫ್ರೆಟ್‌ನಿಂದ ಶುರುಮಾಡಿ, ಐದರಿಂದ ಎಂಟಕ್ಕೆ 10 ಸೆಂಟಿಮೀಟರ್ ಚಿಲ್ಲರೆ ಅಷ್ಟೇ, ಕೈ ಪಳಗಿದ ಮೇಲೆ ಒಂದೊಂದೇ ಫ್ರೆಟ್ ಕೆಳಗೆ ಬನ್ನಿ.

ಮಣಿಕಟ್ಟು ನೋಯೋದಕ್ಕೆ ಹೆಚ್ಚಾಗಿ ಸ್ಟ್ರಾಪ್ ಕಾರಣ. ಬೇಸ್ ತೊಡೆ ಹತ್ರ ನೇತಾಡಿದ್ರೆ ಸ್ಟೈಲಾಗಿ ಕಾಣುತ್ತೆ, ಮಣಿಕಟ್ಟು ಮಾತ್ರ ಮುರಿದಷ್ಟು ಬಗ್ಗುತ್ತೆ. ಕೂತಾಗ ಎಲ್ಲಿರುತ್ತೋ ನಿಂತಾಗ್ಲೂ ಅಲ್ಲೇ ಇರೋ ಹಾಗೆ ಎತ್ತರಿಸಿ, ಹೆಬ್ಬೆರಳು ನೆಕ್ ಹಿಂದೆ ಸುಮ್ನೆ ಒರಗಿರ್ಲಿ, ಹಿಂಡ್ಬೇಡಿ. ತಂತಿ ಎತ್ತರ ಜಾಸ್ತಿ ಇದ್ರೂ ಒತ್ತಿ ಒತ್ತಿ ನೋವು ಬರುತ್ತೆ, ಮೇಲೆ ಪುತ್ತೂರಿನವರಿಗೆ ಹೇಳಿದ ಪರೀಕ್ಷೆ ನೀವೂ ಮಾಡಿ. ಇಷ್ಟಾದ್ರೂ ನೋವು ಹೋಗ್ಲಿಲ್ಲ, ಬೆರಳು ಜುಮ್ಮನ್ನುತ್ತೆ ಅಂದ್ರೆ ನುಡಿಸೋದು ನಿಲ್ಸಿ ಡಾಕ್ಟರ್‌ಗೆ ತೋರಿಸಿ, ನನಗೆ ಬರೀಬೇಡಿ.

ಮುಂದೆ ಬೇಸ್ ಬದಲಿಸೋ ಯೋಚನೆ ಇದ್ರೆ 30 ಇಂಚಿನ ಶಾರ್ಟ್ ಸ್ಕೇಲ್ ನೋಡಿ, ಅದೇ ನಾಲ್ಕು ಫ್ರೆಟ್ ಒಂದೂವರೆ ಸೆಂಟಿಮೀಟರ್ ಹತ್ರ ಆಗುತ್ತೆ. ಮಕ್ಕಳ ಆಟಿಕೆ ಅಂತ ಯಾರಾದ್ರೂ ನಕ್ರೆ, ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಹಿಡ್ಕೊಂಡಿದ್ದ ಪಿಟೀಲು ಆಕಾರದ ಹಾಫ್ನರ್ ಕೂಡ ಶಾರ್ಟ್ ಸ್ಕೇಲೇ ಅಂತ ಹೇಳಿ.

ಪ್ರಶ್ನೆ (ಮೈಸೂರು): ಹತ್ತು ವರ್ಷ ಕರ್ನಾಟಕ ಸಂಗೀತ ಕಲಿತಿದೀನಿ, ಹಾಡುಗಾರಿಕೆ. ಈಗ ಬೇಸ್ ಮೇಲೆ ಆಸೆ. ಗಮಕ ಬರ್ಬೇಕಲ್ಲ, ನೇರವಾಗಿ ಫ್ರೆಟ್‌ಲೆಸ್ ತಗೊಳ್ಲಾ? ನಮ್ಮ ಫ್ಯೂಶನ್ ಗ್ರೂಪ್ ಸಿಂಗರ್ ಯಾವಾಗ್ಲೂ ಹಾರ್ಮೋನಿಯಂನ ಕಪ್ಪು ಒಂದರಲ್ಲೇ ಹಾಡೋದು, ಅದೊಂದು ತಲೆನೋವು.

ಉತ್ತರ: ನಿಮಗೆ ಕಿವಿ ಇದೆ, ಹಾಗಾಗಿ ಬೇರೆಯವರಿಗೆ ಬೇಡ ಅನ್ನೋದನ್ನ ನಿಮಗೆ ತಗೊಳ್ಳಿ ಅಂತೀನಿ. ಫ್ರೆಟ್‌ಲೆಸ್‌ನಲ್ಲಿ, ಅಂದ್ರೆ ಫ್ರೆಟ್ ಇಲ್ಲದ ಬೇಸ್‌ನಲ್ಲಿ, ಬೆರಳು ಫ್ರೆಟ್ ಇರ್ಬೇಕಿದ್ದ ಗೆರೆಯ ಹಿಂದೆ ಅಲ್ಲ, ಗೆರೆಯ ಮೇಲೇ ಬೀಳ್ಬೇಕು, ಒಂದು ಚೂರು ಆಚೀಚೆ ಆದ್ರೂ ಬೇಸೂರು. ಆದ್ರೆ ಇದರಲ್ಲೇ ನಿಮಗೆ ಲಾಭಾನೂ ಇದೆ. ತಂಬೂರಿ ಮುಂದೆ ಕೂತಾಗ ತಾನಾಗೇ ಕೇಳಿಸೋ ಅಂತರ ಗಾಂಧಾರ ಇದೆಯಲ್ಲ, ಅದಕ್ಕಿಂತ ಕೀಬೋರ್ಡಿನ ಗಾಂಧಾರ ಸುಮಾರು 14 ಸೆಂಟ್ಸ್ ಮೇಲಿರುತ್ತೆ, ಅಂದ್ರೆ ಅರ್ಧ ಸ್ವರದ ಏಳನೇ ಒಂದು ಭಾಗ. ಫ್ರೆಟ್ ಇರೋ ಬೇಸ್ ಕೀಬೋರ್ಡ್ ಕಡೆಯದ್ದು. ಫ್ರೆಟ್‌ಲೆಸ್‌ನಲ್ಲಿ ತಂಬೂರಿ ಹೇಳಿದ ಜಾಗಕ್ಕೆ ಬೆರಳು ಇಡ್ಬಹುದು. ಪಕ್ಕದಲ್ಲಿ ಕೀಬೋರ್ಡ್ ಇದ್ದಾಗ ಯಾರ ಮಾತು ಕೇಳ್ಬೇಕು ಅನ್ನೋ ರಾಜಕೀಯ ನಿಮ್ಮ ಗ್ರೂಪಿಗೆ ಬಿಟ್ಟಿದ್ದು.

ಗಮಕದ ಆಸೆ ಸ್ವಲ್ಪ ಹಿಡಿತದಲ್ಲಿರ್ಲಿ. ಕೆಳಗಿನ ತಂತಿಗಳಲ್ಲಿ ಕಂಪಿತ (ಸ್ವರ ಅಲುಗಿಸೋ ಗಮಕ) ಹಾಕಿದ್ರೆ ಕೇಳೋರಿಗೆ ಕಲಸುಮೇಲೋಗರ ಅಷ್ಟೇ, ಆ ತಗ್ಗಿನಲ್ಲಿ ಕಿವಿಗೆ ಸ್ವರ ಗುರುತಿಸೋಕೇ ಸಮಯ ಬೇಕು. ಡಿ ಮತ್ತು ಜಿ ತಂತಿಯ ಮೇಲ್ಭಾಗದಲ್ಲಿ ಚೆನ್ನಾಗಿ ಬರುತ್ತೆ. ಕೆಳಗಡೆ ಸ, ಪ ಹಿಡಿದು ನಿಲ್ಲಿ, ಒಂದು ನಿಧಾನದ ಜಾರು ಸಾಕು. ತಂತಿ ಫ್ಲಾಟ್‌ವೌಂಡ್ (ಮೈ ನುಣುಪಾಗಿರೋದು) ಹಾಕ್ಸಿ, ರೌಂಡ್‌ವೌಂಡ್ (ಮೈ ತರಿತರಿ ಇರೋದು) ಮರದ ಬೋರ್ಡನ್ನ ಗರಗಸದ ಥರ ತಿನ್ನುತ್ತೆ. ಫ್ರೆಟ್‌ಲೆಸ್‌ಗೇ ಹೆಸರಾದ ಬೇಸಿಸ್ಟ್ ಜಾಕೋ ಪಾಸ್ಟೋರಿಯಸ್ ರೌಂಡ್‌ವೌಂಡೇ ಹಾಕ್ತಿದ್ರಲ್ಲ ಅಂತೀರ, ಅವರು ಫ್ರೆಟ್ ಕಿತ್ತ ಫೆಂಡರ್ ಜಾಝ್ ಬೇಸ್‌ನ ಬೋರ್ಡಿಗೆ, ಮರ ಸವೆಯದಿರ್ಲಿ ಅಂತ, ದೋಣಿಗೆ ಬಳಿಯೋ ಇಪಾಕ್ಸಿ (ಗಟ್ಟಿ ಅಂಟು) ಬಳಿದಿದ್ರು.

ಕಪ್ಪು ಒಂದರ ತಲೆನೋವಿಗೆ ಮದ್ದು ಸುಲಭ. ನಾಲ್ಕೂ ತಂತೀನ ಅರ್ಧ ಸ್ವರ ಇಳಿಸಿ. ಆಗ ಡಿ ತಂತಿ ಬಿಟ್ಟು ಮೀಟಿದ್ರೆ ಸಿ ಶಾರ್ಪ್, ಅಂದ್ರೆ ನಿಮ್ಮ ಸಿಂಗರ್‌ನ ಷಡ್ಜ. ಎ ತಂತಿ ಬಿಟ್ಟು ಮೀಟಿದ್ರೆ ಜಿ ಶಾರ್ಪ್, ಮಂದ್ರ ಪಂಚಮ. ಎರಡೂ ಕೈ ಹಾಕದೇ ಸಿಗುತ್ತೆ, ಪೂರ್ತಿ ಎಡಗೈ ಗಮಕಕ್ಕೆ ಖಾಲಿ.

ಪ್ರಶ್ನೆ (ತುಮಕೂರು): ನಮ್ಮ ಪ್ರೋಗ್ರಾಮ್ ವಿಡಿಯೋ ಅಪ್ಪನಿಗೆ ಫೋನಲ್ಲಿ ತೋರಿಸಿದೆ. "ಎಲ್ಲರದ್ದೂ ಕೇಳುತ್ತೆ, ನೀನು ಸುಮ್ನೆ ನಿಂತಿದ್ದೀಯಲ್ಲ" ಅಂದ್ರು. ಏನು ಹೇಳ್ಲಿ?

ಉತ್ತರ: ಅಪ್ಪನ ತಪ್ಪಿಲ್ಲ, ಫೋನಿನ ಸ್ಪೀಕರ್ ಉಗುರಿನಷ್ಟಿರುತ್ತೆ, 41 ಹರ್ಟ್ಜ್ ಅದರಿಂದ ಬರೋದೇ ಇಲ್ಲ. ಅಂಥ ಸ್ಪೀಕರಲ್ಲಿ ಬೇಸ್ ಕೇಳಿಸಿದ್ರೆ ಅದು ನೋಟ್‌ನ ಮೇಲಿನ ಹಾರ್ಮೋನಿಕ್ಸ್ ಕೇಳಿ ಮೆದುಳು ಕೆಳಗಿಂದನ್ನ ತಾನೇ ತುಂಬಿಕೊಂಡಿದ್ದು. ನಿಮ್ಮ ಸೌಂಡಲ್ಲಿ ಮಿಡ್ ಇಲ್ಲ ಅಂತಾಯ್ತು, ದಾವಣಗೆರೆಯವರಿಗೆ ಕೊಟ್ಟ ಉತ್ತರ ಓದಿ. ಅಪ್ಪನಿಗೆ ಸದ್ಯಕ್ಕೆ ಹೆಡ್‌ಫೋನ್ ಕೊಡಿ.

ಪ್ರಶ್ನೆ (ಕೋಲಾರ): ಒಂದೇ ಬೆರಳಲ್ಲಿ ಮೀಟ್ತೀನಿ, ಎರಡರಲ್ಲಿ ಬರಲ್ಲ. ತಪ್ಪಾ?

ಉತ್ತರ: ಡೆಟ್ರಾಯಿಟ್‌ನಲ್ಲಿ ಮೋಟೌನ್ ಕಂಪನಿಯ ಲೆಕ್ಕವಿಲ್ಲದಷ್ಟು ಹಿಟ್‌ಗಳಿಗೆ ನುಡಿಸಿದ ಜೇಮ್ಸ್ ಜೇಮರ್ಸನ್ ಮೀಟಿದ್ದು ತೋರುಬೆರಳು ಒಂದರಲ್ಲೇ. ತಂತೀನೂ ತುಂಡಾಗೋ ತನಕ ಬದಲಿಸ್ತಿರ್ಲಿಲ್ಲವಂತೆ. ವೇಗದ ಹಾಡಿಗೆ ಎರಡನೇದು ಕಲೀರಿ, ಅವಸರ ಇಲ್ಲ.

ಪ್ರಶ್ನೆ (ಮಡಿಕೇರಿ): ಹಳೇ ತಂತಿ ಕುದಿಸಿದ್ರೆ ಹೊಸದಾಗುತ್ತಂತೆ?

ಉತ್ತರ: ಕೊಳೆ, ಬೆವರೆಣ್ಣೆ ಬಿಡುತ್ತೆ, ಸ್ವಲ್ಪ ದಿನ ಮಿಂಚುತ್ತೆ, ಆಮೇಲೆ ಮತ್ತೆ ಮಂಕು. ನಿಮ್ಮೂರಿನ ಮಳೇಲಿ ಚೆನ್ನಾಗಿ ಒಣಗಿಸ್ದೆ ಹಾಕಿದ್ರೆ ತುಕ್ಕು ಬೇರೆ. ಅಮ್ಮನ ಅಡುಗೆ ಪಾತ್ರೆ ಮಾತ್ರ ತಗೋಬೇಡಿ.

ಪ್ರಶ್ನೆ (ಚಿತ್ರದುರ್ಗ): ಗಣೇಶನ ಪೆಂಡಾಲ್‌ಗಳಲ್ಲಿ ನುಡಿಸ್ತಾ ಕೋರಸ್ ಹಾಡ್ತೀನಿ. ಕೆಲವು ಕಡೆ ತುಟಿ ಮೈಕಿಗೆ ತಾಗಿದ್ರೆ ಚುರ್ ಅಂತ ಹೊಡೆಯುತ್ತೆ. ಬೇಸ್ ಕೆಟ್ಟಿದ್ಯಾ?

ಉತ್ತರ: ಬೇಸ್ ಕೆಟ್ಟಿಲ್ಲ, ಅಲ್ಲಿನ ವೈರಿಂಗ್ ಕೆಟ್ಟಿದೆ, ಇದನ್ನ ತಮಾಷೆ ಮಾಡ್ಬೇಡಿ. ನಿಮ್ಮ ತಂತಿ ಬ್ರಿಜ್ ಮೂಲಕ ಆಂಪ್‌ನ ಅರ್ಥ್‌ಗೆ ಸೇರಿರುತ್ತೆ, ಮೈಕು ಸೌಂಡ್‌ನವರ ಅರ್ಥ್‌ಗೆ. ಆಂಪ್‌ಗೆ ಒಂದು ಕಡೆಯಿಂದ ಕರೆಂಟ್, ಸೌಂಡ್‌ಗೆ ಜನರೇಟರ್‌ನಿಂದ, ಅದರಲ್ಲೊಂದಕ್ಕೆ ಅರ್ಥೇ ಇಲ್ಲ ಅಂದ್ರೆ ಎರಡರ ನಡುವಿನ ವೋಲ್ಟೇಜ್‌ಗೆ ದಾರಿ ನಿಮ್ಮ ಕೈಯಿಂದ ತುಟಿ ತನಕ. ಮಳೇಲಿ ನೆಲ ಒದ್ದೆ ಇದ್ರೆ ಇನ್ನೂ ಅಪಾಯ. ಜುಯ್ ಅನ್ನೋ ಹಮ್ ಹೋಗ್ಲಿ ಅಂತ ಪ್ಲಗ್‌ನ ದಪ್ಪ ಪಿನ್ ಕಿತ್ತು ಹಾಕೋರಿದಾರೆ, ಅವರ ಜೊತೆ ಸ್ಟೇಜ್ ಹತ್ಬೇಡಿ. ಹಮ್ ಹೋಗ್ಬೇಕು ಅಂದ್ರೆ ಡಿಐ ಬಾಕ್ಸ್ (ಬೇಸ್‌ನ ಸಿಗ್ನಲ್‌ನ ಮಿಕ್ಸರ್‌ಗೆ ಕಳ್ಸೋ ಪುಟ್ಟ ಡಬ್ಬ) ಮೇಲೆ ಗ್ರೌಂಡ್ ಲಿಫ್ಟ್ ಅಂತ ಸ್ವಿಚ್ ಇರುತ್ತೆ, ಅದನ್ನ ಒತ್ತಿ, ಅದು ಸಿಗ್ನಲ್ ಕೇಬಲ್‌ನ ಅರ್ಥ್ ಮಾತ್ರ ಬಿಡಿಸುತ್ತೆ, ಕರೆಂಟಿನದ್ದಲ್ಲ. ಮೈಕಿಗೆ ಸ್ಪಂಜ್ ಟೋಪಿ ಹಾಕಿದ್ರೆ ತುಟಿಗೆ ತಾಗಲ್ಲ, ಆದ್ರೆ ಅದು ಬರೀ ತಾತ್ಕಾಲಿಕ. ಸೌಂಡ್ ಚೆಕ್‌ಗೆ ಹೋದ ತಕ್ಷಣ ಎಲೆಕ್ಟ್ರೀಷಿಯನ್ ಕೈಲಿ ಮಲ್ಟಿಮೀಟರ್ ಹಾಕಿಸಿ ಮೈಕ್ ಜಾಲರಿಗೂ ನಿಮ್ಮ ತಂತಿಗೂ ನಡುವೆ ಎಷ್ಟು ವೋಲ್ಟ್ ಇದೆ ನೋಡ್ಸಿ, ಆಂಪ್‌ನೂ ಸೌಂಡ್‌ನೂ ಒಂದೇ ಲೈನಿಗೆ ಹಾಕ್ಸಿ. ಅದಾಗೋ ತನಕ ಬೇಸ್ ಕೇಬಲ್ ಸಿಕ್ಕಿಸ್ಬೇಡಿ, ಕಮಿಟಿಯವರು ಲೇಟಾಯ್ತು ಅಂತ ಎಷ್ಟು ಬೈದ್ರೂ ಸರಿ.